ಗಾಡಿ ಬರುವವರೆಗೆ

2021ರ ಏಪ್ರಿಲ್‌ನಲ್ಲಿ ಪುಣೆಯಲ್ಲಿ ಆಕ್ಸಿಜನ್ ಬೆಡ್ ಹುಡುಕಿ ಅಲೆದವರಿಗೆ ಆ ದಿನಗಳನ್ನು ವಿವರಿಸಬೇಕಿಲ್ಲ. ಸಸೂನ್, ಪಿಂಪ್ರಿಯ ವೈಸಿಎಂ, ಸಿಒಇಪಿ ಮೈದಾನದ ಜಂಬೋ ಆಸ್ಪತ್ರೆ, ಎಲ್ಲಿ ಕೇಳಿದರೂ ಒಂದೇ ಉತ್ತರ. ಆ ಹೊತ್ತಿನಲ್ಲಿ ನಾನು ಇದೇ ಊರಿನ ಒಂದು ತುರ್ತು ಆಂಬುಲೆನ್ಸ್ ಸೇವೆಯ ಕರೆ ಕೇಂದ್ರದಲ್ಲಿ ಫೋನ್ ಎತ್ತುತ್ತಿದ್ದೆ. ಕೇಂದ್ರದ ಹೆಸರು ಇಲ್ಲಿ ಬೇಡ. ಹೇಳಬೇಕಾಗಿರುವುದು ಕೆಲಸದ ಬಗ್ಗೆ, ಆ ಕೆಲಸಕ್ಕೆ ಕಾನೂನಿನಲ್ಲಿ ಇಲ್ಲದ ಜಾಗದ ಬಗ್ಗೆ.

ನನ್ನದು ಅಕ್ಕಲಕೋಟ ತಾಲ್ಲೂಕು. ಮನೆಮಾತು ಕನ್ನಡ, ಕಲಿತದ್ದು ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಯಲ್ಲಿ, ಕಾಲೇಜು ಸೋಲಾಪುರದಲ್ಲಿ. ದಕ್ಷಿಣ ಸೋಲಾಪುರ, ಜತ್ತ, ನಮ್ಮ ಅಕ್ಕಲಕೋಟದ ಕಡೆಯಿಂದ ಕರೆ ಬಂದು, ಮಾತಾಡುವವರು ಗಾಬರಿಯಲ್ಲಿ ಮರಾಠಿ ಬಿಟ್ಟು ಕನ್ನಡಕ್ಕೆ ಹೊರಳಿದರೆ ಪಕ್ಕದವರು ಕೈಯೆತ್ತಿ ನನ್ನನ್ನು ಕರೆಯುತ್ತಿದ್ದರು. ಹಾಗೆ ನನ್ನ ಕಿವಿಗೆ ಬಂದ ಕರೆಗಳಲ್ಲಿ ಒಂದನ್ನು ಹೇಳುತ್ತೇನೆ.

ನಡುರಾತ್ರಿ ದಾಟಿತ್ತು. ಹೆಣ್ಣುಮಗಳ ದನಿ. "ಯಕ್ಕಾ, ನಮ್ಮ ಮಾವಾರು ಉಸುರಾಡವಲ್ರು. ಲಗೂನ ಗಾಡಿ ಕಳಸ್ರಿ." ಎಲ್ಲಿಂದ ಎಂದರೆ "ತ್ವಾಟದಾಗಿಂದ" ಎಂದಳು. ಊರ ಹೆಸರು ಸಿಕ್ಕಿತು, ತೋಟದ ದಾರಿ ಸಿಗಲಿಲ್ಲ. ನಮ್ಮ ಕಡೆ ಹೊಲದ ನಡುವಿನ ವಸ್ತಿಗಳಿಗೆ ಮನೆ ನಂಬರೂ ಇಲ್ಲ, ಬೋರ್ಡೂ ಇಲ್ಲ. ನಕ್ಷೆಯಲ್ಲಿ ಅಲ್ಲಿ ಬರೀ ಖಾಲಿ ಜಾಗ. ಡಾಂಬರು ರಸ್ತೆ ಬಿಟ್ಟು ಎಲ್ಲಿ ತಿರುಗಬೇಕು, ತಿರುವಿನಲ್ಲಿ ಏನಿದೆ ಎಂದು ಒಂದೊಂದಾಗಿ ಕೇಳಿದೆ. ಕರೆಂಟಿನ ಡಿಪಿ ಇದೆ ಎಂದಳು. "ಒಬ್ಬರನ್ನ ಬ್ಯಾಟರಿ ಕೊಟ್ಟು ಡಿಪಿ ಹತ್ರ ನಿಲ್ಲಸ್ರಿ" ಎಂದು ಹೇಳಿ, ಇನ್ನೊಂದು ಲೈನಿನಲ್ಲಿ ಗಾಡಿಯ ಡ್ರೈವರ್‌ಗೆ ಮರಾಠಿಯಲ್ಲಿ ದಾರಿ ತಿಳಿಸಿದೆ. ಹತ್ತಿರದ ಗಾಡಿ ಬೇರೊಬ್ಬ ರೋಗಿಯನ್ನು ಹೊತ್ತು ಸೋಲಾಪುರದ ದಾರಿಯಲ್ಲಿತ್ತು. ಹೊರಟದ್ದು ದೂರದ ಗಾಡಿ.

ಅಷ್ಟರಲ್ಲಿ ಅವಳ ಮಾವನ ಉಸಿರು ಪೂರ್ತಿ ನಿಂತಿತು. ಎದೆಯ ನಟ್ಟನಡುವೆ ಅಂಗೈ ಬುಡ ಊರಿ, ಎರಡು ಇಂಚು ಇಳಿಯುವ ಹಾಗೆ, ನಿಮಿಷಕ್ಕೆ 100ರಿಂದ 120 ಸಲ ಒತ್ತಬೇಕು ಎಂಬುದು ನಮಗೆ ಕಲಿಸಿದ ಪಾಠ. ಅದನ್ನು ಅವಳಿಗೆ ಅವಳ ಮಾತಿನಲ್ಲಿ ಹೇಳಿಕೊಟ್ಟು ನಾನೇ ಎಣಿಸತೊಡಗಿದೆ. ಒಂದ, ಎಡ್ಡ, ಮೂರ, ನಾಕ. ಅವಳ ಕೈ ಸೋತಾಗ ಮಗ ಬಂದ. ಅವನಿಗೂ ಎಣಿಸಿದೆ. ಅಳುವುದು ಕೇಳುತ್ತಿತ್ತು, ನಾಯಿ ಬೊಗಳುವುದು ಕೇಳುತ್ತಿತ್ತು, ಯಾರೋ ದೇವರ ಹೆಸರು ಕೂಗುತ್ತಿದ್ದರು. ನಾನು ಎಣಿಕೆ ನಿಲ್ಲಿಸುವಂತಿರಲಿಲ್ಲ, ದನಿ ನಡುಗಿಸುವಂತಿರಲಿಲ್ಲ. ಬಹಳ ಹೊತ್ತಿನ ಮೇಲೆ ಗಾಡಿಯ ಸೈರನ್ ಕೇಳಿಸಿತು. "ಬಂತ್ರಿ, ಬಂತ್ರಿ" ಎಂದಳು. ಫೋನು ಕಟ್ಟಾಯಿತು.

ಆ ಹಿರಿಯರು ಉಳಿದರೋ ಇಲ್ಲವೋ ನನಗೆ ಇಂದಿಗೂ ಗೊತ್ತಿಲ್ಲ. ಫೋನ್ ಎತ್ತುವವರ ಪಾಲಿಗೆ ಎಲ್ಲ ಕರೆಗಳೂ ಗಾಡಿ ಮುಟ್ಟಿದಲ್ಲಿಗೆ ಮುಗಿಯುತ್ತವೆ. ಡಾಕ್ಟರು ರೋಗಿಯ ಮುಖ ನೋಡುತ್ತಾರೆ, ಕೆಲವರನ್ನಾದರೂ ಬದುಕಿಸಿದ ಸಮಾಧಾನ ಅವರಿಗಿರುತ್ತದೆ. ನಮ್ಮಲ್ಲಿ ಉಳಿಯುವುದು ದನಿ ಮಾತ್ರ, ಅದೂ ಅತ್ಯಂತ ಕೆಟ್ಟ ಗಳಿಗೆಯ ದನಿ. ಆ ಕರೆ ಕಟ್ಟಾದ ಕ್ಷಣಕ್ಕೇ ಮುಂದಿನದು ಬಂದಿತ್ತು. ಎದ್ದು ಹೋಗಿ ಮುಖ ತೊಳೆದು ಬರಲೂ ಬಿಡುವಿರಲಿಲ್ಲ. ಅದು ಹಡಪ್ಸರದಿಂದ, ಬೆಡ್ ಕೊಡಿಸಲಿಲ್ಲವೆಂದು ಒಬ್ಬರು ನನ್ನ ತಾಯಿಯನ್ನು ಹಿಡಿದು ಬೈದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಅವರ ಹೆಂಡತಿ ಆಟೋದಲ್ಲಿ ಮಲಗಿದ್ದರು.

ಕೋವಿಡ್ ಅಲೆ ಇಳಿದ ಮೇಲೆ ನನಗೆ ನಿದ್ದೆ ಬರುವುದು ನಿಂತಿತು. ಊರಿಂದ ನಮ್ಮವ್ವನ ಫೋನ್ ಬಂದರೂ ಎದೆ ಹೊಡೆದುಕೊಳ್ಳುತ್ತಿತ್ತು. ಎತ್ತುತ್ತಿರಲಿಲ್ಲ. ನನ್ನ ಮೊಬೈಲಿನ ರಿಂಗನ್ನೇ ತೆಗೆದುಹಾಕಿದೆ. ಬಸ್ಸಿನಲ್ಲಿ ಯಾರಾದರೂ ಏದುಸಿರು ಬಿಟ್ಟರೆ ಇಳಿದುಬಿಡುತ್ತಿದ್ದೆ. ಗೆಳತಿಯೊಬ್ಬಳು ಎಳೆದುಕೊಂಡು ಹೋಗಿ ಮನೋವೈದ್ಯರಿಗೆ ತೋರಿಸಿದಳು. ಇದು ಕೆಲಸದಿಂದ ಬಂದ ಕಾಯಿಲೆ ಎಂದು ಅವರು ಬರೆದುಕೊಟ್ಟರು. ಅಮೆರಿಕದ ನಾರ್ದರ್ನ್ ಇಲಿನಾಯ್ ವಿಶ್ವವಿದ್ಯಾಲಯದ ಮಿಶೆಲ್ ಲಿಲ್ಲಿ ಎಂಬ ಮನಶ್ಶಾಸ್ತ್ರಜ್ಞೆ, ಘಟನೆಯ ಜಾಗದಲ್ಲಿ ಇಲ್ಲದೆಯೂ ತುರ್ತು ಕರೆ ಸ್ವೀಕರಿಸುವವರು ಇಂಥ ಆಘಾತದ ಕಾಯಿಲೆಗೆ ಬೀಳಬಹುದೆಂದು 2012ರಲ್ಲೇ ಬರೆದಿದ್ದಾರೆ. ಅದನ್ನು ಓದಿದ ದಿನ ನನಗೆ ಸ್ವಲ್ಪ ಧೈರ್ಯ ಬಂತು.

ಡಾಕ್ಟರ ಚೀಟಿ ಹಿಡಿದು ರಜೆ, ಪರಿಹಾರ ಕೇಳಲು ಹೋದಾಗ ನನ್ನ ನೇಮಕದ ಪತ್ರ ಮೇಜಿನ ಮೇಲೆ ಬಂತು. ಅದರಲ್ಲಿ ಹುದ್ದೆ 'ಡೇಟಾ ಎಂಟ್ರಿ ಆಪರೇಟರ್'. ಅದೂ ಗುತ್ತಿಗೆ. ಟೈಪ್ ಮಾಡುವವರಿಗೆ ಆಘಾತ ಎಲ್ಲಿಂದ ಬಂತು ಎಂಬ ಪ್ರಶ್ನೆಗೆ ನನ್ನಲ್ಲಿ ಕಾಗದದ ಉತ್ತರವಿರಲಿಲ್ಲ. ಲಸಿಕೆಯ ಹೊತ್ತಿನಲ್ಲೂ ಹೀಗೇ ಆಗಿತ್ತು. 2021ರ ಜನವರಿ 16ರಿಂದ ಆರೋಗ್ಯ ಕಾರ್ಯಕರ್ತರಿಗೆ, ಆಮೇಲೆ ಪೊಲೀಸರು, ಪೌರಕಾರ್ಮಿಕರಂಥ ಮುಂಚೂಣಿಯವರಿಗೆ ಚುಚ್ಚುಮದ್ದು ಶುರುವಾಯಿತು. ನಮ್ಮಲ್ಲಿ ಗಾಡಿಯ ಡಾಕ್ಟರು, ಡ್ರೈವರುಗಳ ಹೆಸರು ಮೊದಲು ಹೋಯಿತು. ಮುಚ್ಚಿದ ಎಸಿ ಕೋಣೆಯಲ್ಲಿ ಮೊಣಕೈಗೆ ಮೊಣಕೈ ತಾಗಿಸಿ ಕೂತ ನಮ್ಮದು ಕೇಳಿ ಕೇಳಿ ಆಮೇಲೆ ಸೇರಿತು.

ಕಾರ್ಮಿಕರ ಪ್ರಕರಣ ನಡೆಸುವ ವಕೀಲರೊಬ್ಬರು ಕಾನೂನುಗಳನ್ನು ಎದುರಿಗಿಟ್ಟು ತೋರಿಸಿದರು. 1923ರ ಪರಿಹಾರ ಕಾಯ್ದೆಯ ಮೂರನೇ ಅನುಸೂಚಿಯಲ್ಲಿ ಸೀಸದ ವಿಷವಿತ್ತು, ಕಲ್ಲುಧೂಳಿನ ಶ್ವಾಸಕೋಶ ರೋಗವಿತ್ತು, ಆಸ್ಪತ್ರೆಯಲ್ಲಿ ತಗಲುವ ಸೋಂಕೂ ಇತ್ತು. ಮನಸ್ಸಿನ ಕಾಯಿಲೆ ಒಂದೂ ಇರಲಿಲ್ಲ. ಡಾಕ್ಟರು, ನರ್ಸುಗಳ ಮೇಲಿನ ಹಲ್ಲೆ ತಡೆಯಲು ಮಹಾರಾಷ್ಟ್ರ 2010ರಲ್ಲಿ ಮಾಡಿದ ಕಾನೂನು ವೈದ್ಯಕೀಯ ವಿದ್ಯಾರ್ಥಿಗಳನ್ನೂ ಅರೆವೈದ್ಯಕೀಯ ಸಿಬ್ಬಂದಿಯನ್ನೂ ಹೆಸರಿಸುತ್ತದೆ, ನಮ್ಮನ್ನಲ್ಲ. 2021ರ ಅಲೈಡ್ ಹೆಲ್ತ್‌ಕೇರ್ ವೃತ್ತಿಗಳ ಕಾಯ್ದೆಯಲ್ಲಿ ಗಾಡಿಯ ಪ್ಯಾರಾಮೆಡಿಕ್‌ಗೆ ಜಾಗ ಸಿಕ್ಕಿದೆ. ಅವರಿಗೆ ಸಿಕ್ಕಿದ್ದಕ್ಕೆ ನನಗೆ ನಿಜವಾಗಿ ಸಂತೋಷ. ಆದರೆ ಅವರು ಮುಟ್ಟುವ ಮೊದಲು ಎದೆ ಒತ್ತಿಸಿದವರು ಯಾರು?

ಅಮೆರಿಕದಲ್ಲಿ 911 ಕರೆ ಎತ್ತುವವರು ಇದೇ ಜಗಳ ಆಡುತ್ತಿದ್ದಾರೆ. ಅಲ್ಲಿನ ಕೇಂದ್ರ ಸರ್ಕಾರದ ಉದ್ಯೋಗ ಪಟ್ಟಿ ಅವರನ್ನು ಕಚೇರಿ ಗುಮಾಸ್ತರ ಗುಂಪಿಗೆ ಸೇರಿಸಿದೆ. ಪೊಲೀಸರು, ಅಗ್ನಿಶಾಮಕದವರ ಗುಂಪಿಗೆ ಸೇರಿಸಿ ಎಂಬ ಮಸೂದೆ 2019ರಲ್ಲಿ ಅವರ ಸಂಸತ್ತಿಗೆ ಬಂತು. ಟೆಕ್ಸಾಸ್ ರಾಜ್ಯ ಅದೇ ವರ್ಷ ತನ್ನ ಕಾನೂನಿನಲ್ಲಿ ಅವರನ್ನು ಮೊದಲ ಸಾಲಿನ ರಕ್ಷಕರೊಂದಿಗೆ ಸೇರಿಸಿಕೊಂಡಿತು. ಒಂದು ರಾಜ್ಯ ಮಾಡಬಹುದಾದದ್ದನ್ನು ಮಹಾರಾಷ್ಟ್ರವೂ ಮಾಡಬಹುದು, ಕರ್ನಾಟಕವೂ ಮಾಡಬಹುದು.

ಇದು ಟೈಪಿಂಗ್ ಕೆಲಸ ಎನ್ನುವವರಿಗೆ 2022ರ ನವೆಂಬರ್ 20ರ ರಾತ್ರಿಯನ್ನು ನೆನಪಿಸುತ್ತೇನೆ. ಪುಣೆಯಲ್ಲಿ ಬೆಂಗಳೂರು ಹೆದ್ದಾರಿಯ ನವಲೆ ಸೇತುವೆಯ ಇಳಿಜಾರಿನಲ್ಲಿ ಒಂದು ಲಾರಿ 40ಕ್ಕೂ ಹೆಚ್ಚು ವಾಹನಗಳಿಗೆ ಬಡಿದಿತ್ತು. ಇಂಥ ಅಪಘಾತದಲ್ಲಿ ನೂರು ಜನ ಒಂದೇ ಜಾಗದಿಂದ ಒಟ್ಟಿಗೆ ಫೋನ್ ಮಾಡುತ್ತಾರೆ. ಯಾರಿಗೆ ಪ್ರಜ್ಞೆಯಿಲ್ಲ, ಯಾರು ವಾಹನದೊಳಗೆ ಸಿಕ್ಕಿದ್ದಾರೆ, ಯಾವ ಪಥ ತೆರವಿದೆ ಎಂದು ಕೇಳಿ ಬೇರ್ಪಡಿಸಿದ ಮೇಲೆಯೇ ಗಾಡಿಗಳು ಸರಿಯಾದ ದಿಕ್ಕಿನಿಂದ ಹೊರಡುತ್ತವೆ.

ನಾವು ಕೆಲವರು ಕೂಡಿ ಕಾರ್ಮಿಕ ಇಲಾಖೆಗೆ ಅರ್ಜಿ ಬರೆದಿದ್ದೇವೆ. ನೇಮಕದ ಪತ್ರದಲ್ಲಿ ನಾವು ಮಾಡುವ ಕೆಲಸವನ್ನೇ ಬರೆಯಬೇಕು. ಸಾವಿನ ಕರೆಯಾದ ಮೇಲೆ ಎದ್ದು ಹೊರಗೆ ಹೋಗಲು ಬಿಡುವು ಕೊಡಬೇಕು. ಆಘಾತದ ಕಾಯಿಲೆಯನ್ನು ವೃತ್ತಿಯ ಕಾಯಿಲೆಯೆಂದು ಪಟ್ಟಿಗೆ ಸೇರಿಸಬೇಕು. ಸಾರ್ವಜನಿಕ ಸುರಕ್ಷತೆಯ ಸಿಬ್ಬಂದಿಗೆ ಸಲ್ಲುವ ವಿಮೆ ನಮಗೂ ಸಲ್ಲಬೇಕು. ಉತ್ತರ ಇನ್ನೂ ಬಂದಿಲ್ಲ. ಸಹಿ ಹಾಕಿದವರಲ್ಲಿ ಹಲವರು ನನ್ನ ಹಾಗೆ ಆ ಕೆಲಸ ಬಿಟ್ಟಿದ್ದಾರೆ, ಈಗ ಇದರಿಂದ ಅವರಿಗೆ ಬರುವುದು ಏನೂ ಇಲ್ಲ. ಆದರೂ ಯಾರೂ ತಮ್ಮ ಹೆಸರು ತೆಗೆಸಿಲ್ಲ.