ಶನಿವಾರ ರಾತ್ರಿಯ ಪೊಟ್ಟಣಗಳು

ಮೀನು ಹಿಡಿಯುವುದು ಕೆರೆಯ ದಂಡೆಯ ಮೇಲೆ ನಡೆಯುವ ಕೆಲಸವೆಂದು ತಿಳಿದವರು ಯಲಹಂಕದ ಆ ಮನೆಗೆ ಶನಿವಾರ ರಾತ್ರಿ ಒಮ್ಮೆ ಬರಬೇಕು. ಊಟವಾಗಿ, ಟೀವಿ ಆರಿ, ಬಾಗಿಲಿಗೆ ಚಿಲಕ ಬಿದ್ದ ಮೇಲೆ ಯಜಮಾನರು ಊಟದ ಮೇಜಿನ ಮೇಲೆ ಹಳೆಯ ಪೇಪರು ಹಾಸುತ್ತಾರೆ. ಅದರ ಮೇಲೆ ಹುರಿದು ಪುಡಿ ಮಾಡಿದ ಕಡಲೆಕಾಯಿ ಹಿಂಡಿ, ಅಕ್ಕಿ ತೌಡು, ಹುರಿಗಡಲೆ ಹಿಟ್ಟು, ಒಂದು ಚಿಟಿಕೆ ಮೆಂತ್ಯದ ಪುಡಿ.

"ಏನ್ರೀ ಇದು, ಮನೆಯೋ ದನದ ಕೊಟ್ಟಿಗೆಯೋ?" ಎಂದು ಒಳಗಿನಿಂದ ಪ್ರಶ್ನೆ ಬರುತ್ತದೆ.

"ಇನ್ನು ಹತ್ತೇ ನಿಮಿಷ ಕಣೇ" ಎಂಬುದು ಉತ್ತರ. ಆ ಹತ್ತು ನಿಮಿಷ ಎರಡು ಗಂಟೆಯಾಗುತ್ತದೆ.

ಯಶವಂತಪುರದ ಕಾರ್ಖಾನೆಯೊಂದರಲ್ಲಿ ಫಿಟ್ಟರಾಗಿ ದುಡಿದು ನಿವೃತ್ತರಾದವರು. ಅವರ ತಂದೆಗೆ ಗಾಳಕ್ಕೆ ಬೇಕಾಗಿದ್ದುದು ಹಿಂದಿನ ರಾತ್ರಿಯ ರಾಗಿಮುದ್ದೆಯ ಒಂದು ತುಣುಕು ಮಾತ್ರ. ರಾಗಿಮುದ್ದೆ ಅಗ್ಗದ ಎರೆಯೆಂದು ಯಾರೂ ಹಗುರವಾಗಿ ಕಾಣಬೇಕಿಲ್ಲ. ಕಾವೇರಿಯ ಬಿಳಿಮೀನು, ಅಂದರೆ ಮಹಶೀರ್, ಗೆಂಡೆಯ ಕುಲದ್ದೇ. ಭೀಮೇಶ್ವರಿ, ಗಲಿಬೋರೆಗಳಲ್ಲಿ ಅದಕ್ಕೆ ಗಾಳ ಹಾಕಲು ದೇಶವಿದೇಶಗಳಿಂದ ಬಂದ ಶೋಕಿಗಾರರೂ ಕೊನೆಗೆ ನೆಚ್ಚಿಕೊಂಡಿದ್ದು ರಾಗಿಯ ಉಂಡೆಯನ್ನೇ. ಕಾವೇರಿಯ ಆ ಮೀನನ್ನು 2018ರಲ್ಲಿ ತೀವ್ರ ಅಳಿವಿನಂಚಿನ ಪಟ್ಟಿಗೆ ಸೇರಿಸಿದರು. ಕೆರೆಯ ಗೆಂಡೆಗಳ ಕಥೆ ಬೇರೆ. ಸಾಮಾನ್ಯ ಗೆಂಡೆ 1939ರಲ್ಲಿ ಸಿಂಹಳದಿಂದ ನೀಲಗಿರಿಗೆ ಬಂದಿಳಿದ ಅತಿಥಿ. ಕಾಟ್ಲಾ, ರೋಹು, ಮೃಗಾಲ್‌ಗಳು ನಿಂತ ನೀರಿನಲ್ಲಿ ತಾವಾಗಿ ಮರಿ ಮಾಡುವುದಿಲ್ಲ. 1957ರಲ್ಲಿ ಹೀರಾಲಾಲ್ ಚೌಧುರಿಯವರು ಚುಚ್ಚುಮದ್ದು ಕೊಟ್ಟು ಅವುಗಳಿಂದ ಮೊಟ್ಟೆ ಇಡಿಸಿದ ಮೇಲೆಯೇ ಕೆರೆಕೆರೆಗೂ ಮರಿ ಬಿಡುವುದು ಸುಲಭವಾಯಿತು. ಇಂದು ಯಲಹಂಕದ ಆಸುಪಾಸಿನ ಕೆರೆಗಳಲ್ಲಿ ಬಾಯಿ ತೆರೆಯುವ ಗೆಂಡೆಗಳಲ್ಲಿ ಬಹುಪಾಲು ಯಾರೋ ತಂದು ಬಿಟ್ಟವೇ.

ಯಜಮಾನರ ಮೇಜಿಗೆ ಹೊಸ ಸರಕು ಬಂದದ್ದು ಇಂಗ್ಲೆಂಡಿನಲ್ಲಿರುವ ನಾದಿನಿಯ ಮಗನಿಂದ. ನೋಡಲು ತೆಳ್ಳನೆಯ ಪ್ಲಾಸ್ಟಿಕ್ ಚೀಲ. ನೀರಿಗೆ ಬಿದ್ದರೆ ಸ್ವಲ್ಪ ಹೊತ್ತಿನಲ್ಲೇ ಕರಗಿಹೋಗುತ್ತದೆ. ಪಾಲಿವಿನೈಲ್ ಆಲ್ಕೋಹಾಲ್ ಎಂಬ ಈ ವಸ್ತುವನ್ನು ಜರ್ಮನಿಯವರು 1924ರಲ್ಲಿ ಕಂಡುಹಿಡಿದರು. ಆಸ್ಪತ್ರೆಗಳಲ್ಲಿ ಸೋಂಕಿನ ಬಟ್ಟೆಗಳನ್ನು ಯಾರೂ ಕೈಯಿಂದ ಮುಟ್ಟದಂತೆ ಚೀಲಸಮೇತ ಯಂತ್ರಕ್ಕೆ ಹಾಕಿ ಒಗೆಯುವುದೂ ಇದರಲ್ಲೇ. ಇಂಗ್ಲೆಂಡಿನ ಗೆಂಡೆ ಬೇಟೆಗಾರರು ಇದರಲ್ಲಿ ಒಣ ತಿಂಡಿ ತುಂಬಿ ಗಾಳದ ಜೊತೆಗೇ ಎಸೆಯುತ್ತಾರೆ. ಹಿಡಿದ ಮೀನನ್ನು ತೂಗಿ, ಫೋಟೋ ತೆಗೆದು, ಮತ್ತೆ ನೀರಿಗೇ ಬಿಡುತ್ತಾರಂತೆ. ಇದನ್ನು ಕೇಳಿ ಮನೆಯಾಕೆ, "ಹಾಗಾದರೆ ಅಷ್ಟು ದೂರ ಹೋಗುವುದಾದರೂ ಏತಕ್ಕೆ?" ಎಂದರು. ಇದಕ್ಕೆ ಯಜಮಾನರ ಬಳಿ ಉತ್ತರವಿರಲಿಲ್ಲ.

ಪೊಟ್ಟಣ ಕಟ್ಟುವುದರಲ್ಲಿ ಒಂದು ಶಿಸ್ತಿದೆ. ಕೈ ಒಣಗಿರಬೇಕು, ಹಿಟ್ಟು ಒಣಗಿರಬೇಕು. ಎಣ್ಣೆಯ ಪಸೆ ಇದ್ದರೆ ಚಿಂತೆಯಿಲ್ಲ, ನೀರಿನ ಪಸೆ ಇರಕೂಡದು. ಬೇಯಿಸಿದ ಜೋಳ ಹಾಕುವ ಆಸೆಯಿದ್ದರೆ ಅದನ್ನು ಗಟ್ಟಿ ಉಪ್ಪುನೀರಿನಲ್ಲಿ ನೆನೆಸಿ ಬಸಿದಿರಬೇಕು. ಉಪ್ಪು ಹೆಚ್ಚಿದ್ದರೆ ಚೀಲ ಬೇಗ ಕರಗುವುದಿಲ್ಲ. ಹಿಟ್ಟನ್ನು ಬೆರಳಿನಿಂದ ಒತ್ತಿ ಒತ್ತಿ ತುಂಬಿ, ಕುತ್ತಿಗೆ ತಿರುಚಿ, ತುದಿಯನ್ನು ನಾಲಿಗೆಗೆ ತಾಗಿಸಿ ಅಂಟಿಸಬೇಕು. ಕೊನೆಗೆ ಸೂಜಿಯಿಂದ ನಾಲ್ಕು ಕಡೆ ಚುಚ್ಚಬೇಕು. ಇಲ್ಲವಾದರೆ ಒಳಗಿನ ಗಾಳಿಯಿಂದ ಪೊಟ್ಟಣ ಮುಳುಗದೆ ತೇಲುತ್ತದೆ, ತಳದಲ್ಲಿ ಮೇಯುವ ಮೃಗಾಲ್ ಅದನ್ನು ತಿರುಗಿಯೂ ನೋಡುವುದಿಲ್ಲ.

ಇಷ್ಟನ್ನೆಲ್ಲ ಕೆರೆಯ ದಂಡೆಯಲ್ಲೇ ಮಾಡಬಹುದಲ್ಲ? ಮಾಡಬಹುದು, ಮಾಡುವವರೂ ಇದ್ದಾರೆ. ಆದರೆ ಎರಡು ವರ್ಷಗಳಿಂದ ಯಜಮಾನರ ಬಲಗೈ ನಡುಗುತ್ತಿದೆ. ಒಂದು ಕಾಲಕ್ಕೆ ಕೂದಲೆಳೆಯಷ್ಟು ವ್ಯತ್ಯಾಸವನ್ನು ಬೆರಳಲ್ಲೇ ಅಳೆಯುತ್ತಿದ್ದ ಕೈ ಅದು. ಮನೆಯ ಟ್ಯೂಬ್‌ಲೈಟಿನ ಬೆಳಕಿನಲ್ಲಿ, ಕನ್ನಡಕ ಹಾಕಿಕೊಂಡು, ಮೊಣಕೈಯನ್ನು ಮೇಜಿಗೆ ಒತ್ತಿ ಹಿಡಿದರೆ ಒಂದು ಪೊಟ್ಟಣಕ್ಕೆ ಐದಾರು ನಿಮಿಷ ಹಿಡಿಯುತ್ತದೆ. ಮುಂಜಾವಿನ ಮಬ್ಬಿನಲ್ಲಿ, ಆರ್.ಟಿ. ನಗರದಿಂದ ಬಂದ ಹನ್ನೊಂದು ವರ್ಷದ ಮೊಮ್ಮಗ ಪಕ್ಕದಲ್ಲಿ ಕುಳಿತು ನೋಡುತ್ತಿರುವಾಗ ಅದು ಆಗದ ಮಾತು. ಆದ್ದರಿಂದಲೇ ಇಪ್ಪತ್ತು ಪೊಟ್ಟಣ ಹುಡುಗ ಮಲಗಿದ ಮೇಲೆಯೇ ತಯಾರಾಗುತ್ತವೆ. ಬೆಳಿಗ್ಗೆ ತಾತ ಮಾಡುವುದು ಡಬ್ಬಿ ತೆರೆದು ಒಂದನ್ನು ಗಾಳಕ್ಕೆ ಸಿಕ್ಕಿಸುವುದಷ್ಟೇ. ಅಷ್ಟು ಹೊತ್ತು ಕೈ ಹೇಗೋ ಮಾತು ಕೇಳುತ್ತದೆ.

ಪೊಟ್ಟಣದಿಂದ ಇನ್ನೊಂದು ಉಪಕಾರವೂ ಇದೆ. ಮೀನು ಕರೆಯಲೆಂದು ಕಿಲೋಗಟ್ಟಲೆ ತೌಡು ಎರಚುವವರಿದ್ದಾರೆ. ಮೀನು ತಿಂದು ಮಿಕ್ಕದ್ದು ತಳದಲ್ಲಿ ಕೊಳೆತು ನೀರಿನ ಆಮ್ಲಜನಕ ತಿನ್ನುತ್ತದೆ. ಮೊದಲೇ ಕೊಳಚೆ ಕುಡಿದು ಕುಳಿತ ಕೆರೆ ನಮ್ಮದು. 2016ರ ಮಾರ್ಚಿನಲ್ಲಿ ಹಲಸೂರು ಕೆರೆಯಲ್ಲಿ ಸಾವಿರಾರು ಮೀನು ಹೊಟ್ಟೆ ಮೇಲಾಗಿ ತೇಲಿದ್ದನ್ನು ಊರೇ ನೋಡಿತು. ಒಂದು ಹಿಡಿ ಹಿಟ್ಟು, ಅದೂ ಗಾಳದ ಮಗ್ಗುಲಲ್ಲೇ ಎಂದರೆ ಕೆರೆಗೂ ಅಷ್ಟು ಭಾರವಲ್ಲ. ಚೀಲದ ವಿಷಯದಲ್ಲಿ ಮಾತ್ರ ಯಜಮಾನರಿಗೆ ಪೂರ್ತಿ ಸಮಾಧಾನವಿಲ್ಲ. ಕರಗುವುದು ಬೇರೆ, ಇಲ್ಲವಾಗುವುದು ಬೇರೆ. ಆ ವಸ್ತು ಪೂರ್ತಿ ಅಳಿಯಬೇಕಾದರೆ ತಕ್ಕ ಸೂಕ್ಷ್ಮಜೀವಿಗಳು ಬೇಕು, ಸಮಯವೂ ಬೇಕು. ಹಾಗಾಗಿ ದಿನಕ್ಕೆ ಇಪ್ಪತ್ತಕ್ಕಿಂತ ಹೆಚ್ಚು ಬೇಡವೆಂದು ತಮಗೆ ತಾವೇ ಒಂದು ಕಟ್ಟು ಹಾಕಿಕೊಂಡಿದ್ದಾರೆ.

ಕಳೆದ ಜೂನ್‌ನ ಒಂದು ಶನಿವಾರ ಹುರಿದ ಹಿಂಡಿ ಆರುವ ಮೊದಲೇ ಅವರಿಗೆ ನಿದ್ದೆ ಎಳೆಯಿತು. ಕೊನೆಯ ಏಳೆಂಟು ಪೊಟ್ಟಣಗಳನ್ನು ಬಿಸಿಬಿಸಿಯಾಗಿಯೇ ತುಂಬಿ ಡಬ್ಬಿಯ ಮುಚ್ಚಳ ಬಿಗಿದರು. ಬಿಸಿ ವಸ್ತುವಿಗೆ ಮುಚ್ಚಳ ಹಾಕಿದರೆ ಆವಿ ಬೆವರುತ್ತದೆಂದು ಫಿಟ್ಟರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಬೆಳಿಗ್ಗೆ ದೊಡ್ಡಬಳ್ಳಾಪುರ ರಸ್ತೆಯಾಚೆಯ ಕೆರೆಯಲ್ಲಿ, ಮೀನಿನ ಗುತ್ತಿಗೆ ಹಿಡಿದವನ ಅಪ್ಪಣೆ ಪಡೆದು, ಕೋಲು ನಿಲ್ಲಿಸಿ ಡಬ್ಬಿ ತೆರೆದರೆ ಇಪ್ಪತ್ತೂ ಸೇರಿ ಒಂದೇ ಅಂಟುಂಡೆ.

ಹುಡುಗ ಇಣುಕಿ ನೋಡಿದ. "ತಾತ, ಖಾಲಿ ಚೀಲ ಇಲ್ವಾ?"

ಜೇಬಿನಲ್ಲಿ ಎಂಟು ಇದ್ದವು. ಇನ್ನೊಂದು ಡಬ್ಬಿಯಲ್ಲಿ ಮಿಕ್ಕ ಒಣ ಹಿಟ್ಟೂ ಇತ್ತು. ಯಜಮಾನರು ಒಂದು ಚೀಲ ಬಿಡಿಸಿ ಹಿಟ್ಟು ತುಂಬಲು ಹೋದರು. ಅರ್ಧ ಹಿಟ್ಟು ಪಂಚೆಯ ಮೇಲೆ ಬಿತ್ತು. ಎರಡನೆಯ ಸಲವೂ ಬಿತ್ತು. ಹುಡುಗ ಏನೂ ಕೇಳಲಿಲ್ಲ. ಕೈಯನ್ನು ಚಡ್ಡಿಗೆ ಚೆನ್ನಾಗಿ ಒರೆಸಿಕೊಂಡು ಚೀಲ ತೆಗೆದುಕೊಂಡ.

"ನೀವು ಹೇಳಿ ತಾತ, ನಾನು ಕಟ್ತೀನಿ."

"ಒತ್ತಿ ತುಂಬು. ಇನ್ನೂ ಒತ್ತು. ಈಗ ತಿರುಚು. ನಾಲಿಗೆಗೆ ತಾಗಿಸು, ತುದಿ ಮಾತ್ರ."

"ಥೂ, ಮೆಂತ್ಯ!"

ಮೊದಲನೆಯದಕ್ಕೆ ಸೂಜಿ ಚುಚ್ಚುವುದನ್ನು ಇಬ್ಬರೂ ಮರೆತರು. ಅದು ಬಾತುಕೋಳಿಯಂತೆ ತೇಲಿಕೊಂಡು ಹೋಯಿತು. ನಾಲ್ಕನೆಯದಕ್ಕೆ ಒಂದು ಮೃಗಾಲ್ ಸಿಕ್ಕಿತು. ಗುತ್ತಿಗೆಯವನ ಆಳು ತಕ್ಕಡಿಗೆ ಹಾಕಿ ಒಂಬೈನೂರು ಗ್ರಾಂ ಎಂದು ದುಡ್ಡು ಎಣಿಸಿಕೊಂಡ. ಅಷ್ಟರಲ್ಲಿ ಹುಡುಗ ಉಳಿದ ನಾಲ್ಕು ಚೀಲಗಳನ್ನೂ ಕಟ್ಟಿ, ಗಾಳಿಯಾಡಲೆಂದು ಮುಚ್ಚಳ ತೆರೆದೇ ಡಬ್ಬಿಯಲ್ಲಿ ಸಾಲಾಗಿ ಜೋಡಿಸುತ್ತಿದ್ದ.