ಮೋಟಾರು ಸೈಕಲ್ಲಿನ ಆಪದ್ಬಂಧು

ಮನೆಗೊಂದು ಮೋಟಾರು ಸೈಕಲ್ಲಿರುವುದು ಈಗ ವಿಶೇಷದ ಮಾತಲ್ಲ. ನಮ್ಮ ವಾಚಕರಲ್ಲಿ ಬಹುಮಂದಿಯ ಮನೆಗಳಲ್ಲಿ ಡೇರಿಗೆ ಹಾಲು ಹಾಕಿ ಬರುವುದಕ್ಕೂ, ಮಕ್ಕಳನ್ನು ಶಾಲೆಗೆ ಮುಟ್ಟಿಸುವುದಕ್ಕೂ, ಅಪರಾತ್ರಿಯಲ್ಲಿ ಔಷಧಿ ತರುವುದಕ್ಕೂ ಅದೇ ಆಧಾರವಾಗಿರುವುದು. ಆದರೂ ಆ ಗಾಡಿಯ ಎಂಜಿನನ್ನು ಮೊದಲು ತಿರುಗಿಸುವ ಶಕ್ತಿಯು ಎಲ್ಲಿಂದ ಬರುತ್ತದೆಂಬುದನ್ನು, ಅದು ಬಾರದೆ ಹೋದ ದಿನವೊಂದನ್ನುಳಿದು, ಯಾರೂ ವಿಚಾರಿಸುವುದಿಲ್ಲ. ಹಿಂದೆ ಹಾಗೆ ವಿಚಾರಿಸುವ ಅಗತ್ಯವೂ ಅಷ್ಟಾಗಿ ಇರಲಿಲ್ಲವೆನ್ನಿ. ಬ್ಯಾಟರಿ ಸೋತು ಸೆಲ್ಫ್ ಹಿಡಿಯದಿದ್ದರೆ ಕಿಕ್ಕರನ್ನು ನಾಲ್ಕು ಸಲ ಒದ್ದರಾಯಿತು. ಅದಕ್ಕೂ ಜಗ್ಗದಿದ್ದರೆ ಇಳಿಜಾರಿನಲ್ಲಿ ತಳ್ಳಿ ಗೇರು ಹಾಕಿದರಾಯಿತು. ಈಗಿನ ಅನೇಕ ಗಾಡಿಗಳಲ್ಲಿ ಈ ಎರಡು ದಾರಿಗಳೂ ಮುಚ್ಚಿಹೋಗಿವೆ. 2016ರಲ್ಲಿ ಬಂದ ರಾಯಲ್ ಎನ್‌ಫೀಲ್ಡಿನ ಹಿಮಾಲಯನ್ ಗಾಡಿಗೆ ಕಿಕ್ಕರು ಇರಲಿಲ್ಲ. ಒದೆಯುವುದಕ್ಕೇ ಹೆಸರಾಗಿದ್ದ ಬುಲೆಟ್ಟಿನ ಬಳಗದ ಕ್ಲಾಸಿಕ್ 350ಕ್ಕೂ 2021ರ ಹೊಸ ಅವತಾರದಲ್ಲಿ ಅದು ತಪ್ಪಿಹೋಯಿತು. ತಳ್ಳುವ ಉಪಾಯವಾದರೋ, 2020ನೆಯ ಏಪ್ರಿಲ್ 1ರಿಂದ ಬಿ.ಎಸ್. 6 ನಿಯಮವು ಜಾರಿಗೆ ಬಂದು, ಹೆಚ್ಚಿನ ಗಾಡಿಗಳಲ್ಲಿ ಕಾರ್ಬ್ಯುರೇಟರಿನ ಸ್ಥಾನದಲ್ಲಿ ಪೆಟ್ರೋಲನ್ನು ಅಳೆದು ಚಿಮ್ಮಿಸುವ ಏರ್ಪಾಡು ನೆಲೆಗೊಂಡ ಮೇಲೆ, ಬಹುಮಟ್ಟಿಗೆ ನಿಷ್ಫಲವಾಗಿದೆ. ಪೆಟ್ರೋಲಿನ ಪಂಪೂ ಅದನ್ನು ಆಳುವ ಎಲೆಕ್ಟ್ರಾನಿಕ್ ಪೆಟ್ಟಿಗೆಯೂ ಬ್ಯಾಟರಿಯ ವಿದ್ಯುತ್ತನ್ನೇ ನೆಚ್ಚಿರುವುದರಿಂದ, ಬ್ಯಾಟರಿಯು ಪೂರ್ತಿ ಬತ್ತಿದ್ದರೆ ಗಾಡಿಯನ್ನು ಊರ ತುದಿಯವರೆಗೆ ತಳ್ಳಿದರೂ ಎಂಜಿನು ಏಳದು.

ಇದರ ಪರಿಣಾಮವು ಎಷ್ಟು ದೂರ ಮುಟ್ಟಬಹುದೆಂಬುದನ್ನು ನಾವು 2022ನೆಯ ಇಸವಿಯ ಪುಷ್ಯಮಳೆಯಲ್ಲಿ ಕಂಡೆವು. ನಮ್ಮ ಮನೆಯಿರುವುದು ತೀರ್ಥಹಳ್ಳಿಯ ಸೀಮೆಯಲ್ಲಿ, ಡಾಂಬರು ರಸ್ತೆಗೆ ಮೂರು ಕಿಲೋಮೀಟರು ಒಳಗೆ. ನಮ್ಮ ತಮ್ಮನು ಪಶುವೈದ್ಯಕೀಯ ಪರೀಕ್ಷಕನಾಗಿರುವನು. ರಾತ್ರಿಯ ಕರೆಗಳು ಅವನ ಪಾಲಿಗೆ ಹೊಸವಲ್ಲ. ಆ ಸಲ ಹಳ್ಳವೇರಿ ಮೋರಿ ಮುಳುಗಿದ್ದರಿಂದ ಒಂಬತ್ತು ದಿನಗಳ ಕಾಲ ಗಾಡಿಯು ಕೊಟ್ಟಿಗೆಯ ಮಾಡಿನಡಿಯಲ್ಲೇ ನಿಂತಿತ್ತು. ಹತ್ತನೆಯ ದಿನ ನೀರು ಇಳಿಯಿತು. ಅದೇ ರಾತ್ರಿ ಎರಡು ಗಂಟೆಗೆ ಫೋನು ಬಂದಿತು. ಹತ್ತು ಕಿಲೋಮೀಟರು ಆಚೆಯ ಮನೆಯೊಂದರಲ್ಲಿ ಹಸುವು ಈಯಲಾರದೆ ಒದ್ದಾಡುತ್ತಿತ್ತು. ಕರುವಿನ ಮುಂಗಾಲುಗಳು ತೋರಿದ್ದರೂ ತಲೆ ಬಂದಿರಲಿಲ್ಲ. ಆ ಮನೆಯಾಕೆ ವಿಧವೆ. ಎರಡು ಹಸುಗಳ ಹಾಲೇ ಸಂಸಾರದ ಆಧಾರ. ತಮ್ಮನು ಗುಂಡಿಯನ್ನೊತ್ತಿದರೆ ಗಾಡಿಯು ಟಿಕ್ ಟಿಕ್ ಎಂದಿತೇ ಹೊರತು ಬೇರೆ ಸದ್ದಿಲ್ಲ. ಮೀಟರಿನ ದೀಪವು ಮಂಕಾಗಿ ಆರಿಯೇಹೋಯಿತು. ಮನೆಮಂದಿಯೆಲ್ಲ ಸೇರಿ ಕೆಸರಿನಲ್ಲಿ ತಳ್ಳಿದೆವು. ಕೊನೆಗೆ ಅವನು ಚೀಲವನ್ನೂ ಟಾರ್ಚನ್ನೂ ಹಿಡಿದು ರಸ್ತೆಯವರೆಗೆ ನಡೆದು, ಅಲ್ಲಿ ಅಡಕೆಯ ವ್ಯಾಪಾರಿಯೊಬ್ಬರನ್ನು ಎಬ್ಬಿಸಿ, ಅವರ ಜೀಪಿನಲ್ಲಿ ಆ ಮನೆಯನ್ನು ಸೇರುವಾಗ ನಾಲ್ಕು ಗಂಟೆ ಮೀರಿತ್ತು. ಹಸು ಉಳಿಯಿತು, ಕರು ಉಳಿಯಲಿಲ್ಲ. ಹೆಣ್ಣುಕರು. ಆ ತಾಯಿ ಅವನಿಗೆ ಒಂದು ಬಿರುಸಿನ ಮಾತನ್ನೂ ಆಡದೆ ಕಾಫಿ ಮಾಡಿಕೊಟ್ಟರಂತೆ. ಬೈದಿದ್ದರೆ ವಾಸಿಯಾಗಿತ್ತೆಂದು ಅವನು ಬಹಳ ದಿನ ಹೇಳುತ್ತಿದ್ದನು.

ಮರುವಾರವೇ ಗಾಡಿಗೆ ಹೊಸ ಬ್ಯಾಟರಿ ಬಂದಿತು. ಅದರೊಡನೆ ಒಂದು ಜಂಪ್ ಸ್ಟಾರ್ಟರೂ ಬಂದಿತು. ಅದನ್ನು ಕೈಯಲ್ಲಿ ಹಿಡಿದು ನೋಡಿ ನಮ್ಮ ತಾಯಿಯವರು, "ಎಂಥದಾ ಇದು, ಕನ್ನಡಕದ ಡಬ್ಬಿಯಷ್ಟೇ ಇದೆ! ಅಷ್ಟು ದೊಡ್ಡ ಬ್ಯಾಟರಿಗಾಗದ್ದು ಇದಕ್ಕಾಗುತ್ತದಾ?" ಎಂದರು. ಸಂಶಯವು ನ್ಯಾಯವಾದುದೇ. ಅರ್ಧ ಕಿಲೋ ತೂಗುವ ಪೆಟ್ಟಿಗೆಯು ಎರಡು ಮೂರು ಕಿಲೋ ತೂಗುವ ಸೀಸದ ಬ್ಯಾಟರಿಯ ಕೆಲಸವನ್ನು ಮಾಡುವುದೆಂದರೆ ಯಾರಿಗಾದರೂ ಆಶ್ಚರ್ಯವೇ. ಆದರೆ ಎಂಜಿನು ಏಳುವುದಕ್ಕೆ ಬೇಕಾದುದು ಬಹುಕಾಲದ ಶಕ್ತಿಯಲ್ಲ, ಕ್ಷಣಕಾಲದ ಬಲ. ಹತ್ತು ವೋಲ್ಟಿನ ಒತ್ತಡದಲ್ಲಿ ನೂರು ಆಂಪಿಯರ್ ಪ್ರವಾಹವು ಮೂರು ಸೆಕೆಂಡು ಹರಿಯಿತೆಂದಿಟ್ಟುಕೊಂಡರೂ ಖರ್ಚಾಗುವುದು ಒಂದು ವ್ಯಾಟ್-ಗಂಟೆಗಿಂತ ಕಡಮೆ. ಹತ್ತು ವ್ಯಾಟಿನ ದೀಪವೊಂದು ಐದು ನಿಮಿಷ ಉರಿದರೆ ಅಷ್ಟೇ ತಗಲುವುದು. ಆ ಅಲ್ಪವನ್ನು ಒಮ್ಮೆಗೇ ಕೊಡಬಲ್ಲ ಗುಣವು ಲಿಥಿಯಂ ಕೋಶಗಳಿಗುಂಟು.

ಈ ಕೋಶಗಳು ಪೇಟೆಗೆ ಬಂದುದು 1991ರಲ್ಲಿ, ಜಪಾನಿನ ಸೋನಿ ಕಂಪನಿಯಿಂದ. ಅವುಗಳ ಹಿಂದಿನ ಸಂಶೋಧನೆಗಾಗಿ ಗುಡ್‌ಇನಫ್, ವಿಟಿಂಗ್‌ಹ್ಯಾಮ್, ಯೋಶಿನೋ ಎಂಬ ಮೂವರಿಗೆ 2019ರ ನೊಬೆಲ್ ಪಾರಿತೋಷಕವು ದೊರೆಯಿತು. ಅವುಗಳಲ್ಲೇ ಕಬ್ಬಿಣದ ಫಾಸ್ಫೇಟನ್ನು ಬಳಸುವ ಜಾತಿಯೊಂದುಂಟು. ಅದು ಶಾಖವನ್ನು ಹೆಚ್ಚು ತಾಳುವುದು, ಬೇಗನೆ ಕೆರಳುವುದಿಲ್ಲ. ಆ ವಸ್ತುವನ್ನು 1997ರಲ್ಲಿ ಲೋಕಕ್ಕೆ ತಿಳಿಸಿದ ಪ್ರಬಂಧದಲ್ಲಿ ಗುಡ್‌ಇನಫ್ ಅವರ ಹೆಸರಿನೊಡನೆ ಪಾಧಿ, ನಂಜುಂಡಸ್ವಾಮಿ ಎಂಬ ಎರಡು ಹೆಸರುಗಳಿವೆ. ನಂಜನಗೂಡನ್ನು ನೆನಪಿಗೆ ತರುವ ಹೆಸರೊಂದು ಅಲ್ಲಿರುವುದನ್ನು ಕಂಡು ನಮಗಾದ ಸಂತೋಷವನ್ನು ವಾಚಕರು ಮನ್ನಿಸಬೇಕು.

ಇನ್ನು ಕೊಳ್ಳುವ ವಿಚಾರ. ಮೊದಲು ದಾರಿ ತಪ್ಪಿಸುವುದು ಪೆಟ್ಟಿಗೆಯ ಮೇಲಿನ ದೊಡ್ಡ ಅಂಕಿ. 12,000 ಮಿಲಿ ಆಂಪಿಯರ್-ಗಂಟೆ ಎಂದು ಬರೆದಿರುವುದು. ಅಂದರೆ 12 ಆಂಪಿಯರ್-ಗಂಟೆ. ನಮ್ಮ ಗಾಡಿಯ ಬ್ಯಾಟರಿಯೇ 8 ಆಂಪಿಯರ್-ಗಂಟೆಯದು, ಇದು ಅದಕ್ಕಿಂತ ಒಂದೂವರೆ ಪಾಲು ದೊಡ್ಡದೆಂದು ಕೊಳ್ಳುವವನು ಬಗೆಯುವನು. ಸಂಗತಿ ಹಾಗಿಲ್ಲ. ಒಳಗಿರುವುದು 4,000ದ ಮೂರು ಕೋಶಗಳು. ಒಂದೊಂದರ ಒತ್ತಡ 3.7 ವೋಲ್ಟು. ಮೂರನ್ನೂ ಒಂದರ ಹಿಂದೊಂದಾಗಿ ಜೋಡಿಸಿದರೆ ಕೂಡುವುದು ವೋಲ್ಟೇ ಹೊರತು ಆಂಪಿಯರ್-ಗಂಟೆಯಲ್ಲ. ಗಾಡಿಯ ಕ್ಲಿಪ್ಪಿನಲ್ಲಿ ನಮಗೆ ದೊರೆಯುವುದು ಸುಮಾರು 11 ವೋಲ್ಟಿನಲ್ಲಿ ನಾಲ್ಕೇ ಆಂಪಿಯರ್-ಗಂಟೆ. ಇದನ್ನು ಮೋಸವೆನ್ನಲಾಗದು, ಲೆಕ್ಕವು ತಪ್ಪಿಲ್ಲ. ಆದರೆ ಸೇರಿನ ಲೆಕ್ಕವನ್ನು ಪಾವಿನಲ್ಲಿ ಹೇಳಿ ಗಿರಾಕಿಯ ಕಣ್ಣಿಗೆ ದೊಡ್ಡದು ಮಾಡಿ ತೋರಿಸಿದಂತಾಯಿತು. ಸಾಧನದ ಹಿಂಬದಿಯಲ್ಲಿ ಸಣ್ಣ ಅಕ್ಷರಗಳಲ್ಲಿ ವ್ಯಾಟ್-ಗಂಟೆಯೆಂದು ಮತ್ತೊಂದು ಅಂಕಿ ಇರುವುದು. ಮೇಲಣದಕ್ಕೆ ಅದು 44.4. ಎರಡು ಸಾಧನಗಳನ್ನು ಹೋಲಿಸುವಾಗ ನಂಬತಕ್ಕದ್ದು ಆ ಅಂಕಿಯನ್ನು. ಅದು ಎಲ್ಲಿಯೂ ಬರೆದಿಲ್ಲದಿದ್ದರೆ ಅಂತಹ ವಸ್ತುವನ್ನು ಅಂಗಡಿಯಲ್ಲೇ ಬಿಟ್ಟು ಬರುವುದು ಯುಕ್ತ.

'ಪೀಕ್ ಆಂಪ್' ಎಂಬ ಎರಡನೆಯ ಅಂಕಿಯೂ ಇದೇ ಜಾತಿಯದು. ಅದು ಕಣ್ಣು ಮಿಟುಕಿಸುವಷ್ಟು ಹೊತ್ತಿನ ಹೆಚ್ಚಳ. ಎಂಜಿನನ್ನು ತಿರುಗಿಸುವ ಎರಡು ಮೂರು ಸೆಕೆಂಡು ನಿಲ್ಲುವ ಪ್ರವಾಹವು ಅದಕ್ಕಿಂತ ಬಹಳ ಕಡಮೆ. ಐನೂರು ಸಿಸಿಯೊಳಗಿನ ಮೋಟಾರು ಸೈಕಲ್ಲಿಗೆ, ಹೆಸರುಳ್ಳ ತಯಾರಕರದಾದರೆ, ಮುನ್ನೂರು ನಾನೂರು ಎಂದು ಬರೆದದ್ದು ಧಾರಾಳವಾಗಿ ಸಾಕು. ಎರಡು ಸಾವಿರವೆಂದು ಸಾರುವ ಇಟ್ಟಿಗೆಗಾತ್ರದ ಸಾಧನಗಳು ಡೀಸೆಲ್ ಜೀಪಿಗೆ ಒದಗುವಂಥವು. ಅವನ್ನು ಬೈಕಿನ ಚೀಲದಲ್ಲಿ ಹೊತ್ತು ತಿರುಗುವುದು ವ್ಯರ್ಥ ಭಾರ.

ನಮ್ಮ ಅಭಿಪ್ರಾಯದಲ್ಲಿ ಅಂಕಿಗಳಿಗಿಂತ ಹೆಚ್ಚಿನ ಗಮನ ಕೊಡಬೇಕಾದುದು ಕ್ಲಿಪ್ಪುಗಳಿಗೆ. ಹೆಚ್ಚಿನವು ಕಾರಿನ ಬ್ಯಾಟರಿಯ ದಪ್ಪ ಗೂಟಗಳನ್ನು ಹಿಡಿಯಲು ಮಾಡಿದವು. ಬೈಕಿನಲ್ಲಾದರೋ ಬ್ಯಾಟರಿಯು ಸೀಟಿನ ಕೆಳಗೋ ಪಕ್ಕದ ಮುಚ್ಚಳದ ಹಿಂದೆಯೋ ಇಕ್ಕಟ್ಟಿನಲ್ಲಿರುವುದು. ಬೆರಳು ತೂರುವುದೇ ಕಷ್ಟ. ಆದಕಾರಣ ಮೂತಿ ಸಣ್ಣದಾದ ಕ್ಲಿಪ್ಪಿರುವುದನ್ನೇ ಆರಿಸಬೇಕು. ಎರಡನೆಯದಾಗಿ, ಕ್ಲಿಪ್ಪಿನ ತಂತಿಯ ನಡುವೆ ಒಂದು ಪುಟ್ಟ ಪೆಟ್ಟಿಗೆ ಇರಬೇಕು. ಕೆಂಪನ್ನು ಕಪ್ಪಿನ ಕಡೆಗೆ ಹಾಕಿದರೆ ಪ್ರವಾಹವನ್ನು ತಡೆಯುವುದು, ಎರಡು ಕ್ಲಿಪ್ಪುಗಳು ತಾಗಿದರೆ ಕಿಡಿಯಾಗದಂತೆ ನೋಡಿಕೊಳ್ಳುವುದು, ಎಂಜಿನು ಎದ್ದ ಮೇಲೆ ಗಾಡಿಯ ವಿದ್ಯುತ್ತು ಸಾಧನದೊಳಕ್ಕೆ ಹಿಮ್ಮುಖವಾಗಿ ನುಗ್ಗದಂತೆ ಕಾಯುವುದು, ಇವು ಆ ಪೆಟ್ಟಿಗೆಯ ಕೆಲಸ. ಕತ್ತಲಲ್ಲಿ, ಮಳೆಯಲ್ಲಿ, ಗಾಬರಿಯಲ್ಲಿ ಬಳಸುವ ವಸ್ತುವಿಗೆ ಇಷ್ಟು ಕಾವಲು ಬೇಡವೇ? ತಂತಿಗಳು ಮಾತ್ರವಿರುವ ಅಗ್ಗದ ಮಾಲನ್ನು ನಾವು ಯಾರಿಗೂ ಹೇಳಲಾರೆವು.

ಎಲ್ಲರಿಗೂ ಇದು ಬೇಕೆಂದು ನಮ್ಮ ವಾದವಲ್ಲ. ಕಿಕ್ಕರಿರುವ ಗಾಡಿಯವರಿಗೆ ಇದರ ಖರ್ಚು ಅನಾವಶ್ಯಕ. ಪೇಟೆಯ ನಡುವೆ, ಮೆಕ್ಯಾನಿಕ್ಕಿನ ಅಂಗಡಿಗೆ ನಾಲ್ಕು ಹೆಜ್ಜೆಯಲ್ಲಿರುವವರಿಗೂ ಹಾಗೆಯೇ. ನಾಲ್ಕೈದು ವರ್ಷ ದುಡಿದ ಬ್ಯಾಟರಿಯುಳ್ಳವರು ಮೊದಲು ಅದನ್ನು ಬದಲಿಸಲಿ, ಉಳಿದ ಹಣದಲ್ಲಿ ಇದನ್ನು ಕೊಳ್ಳಲಿ.

ಬಳಸುವಾಗ ಮೊದಲು ರೋಗವನ್ನು ತಿಳಿಯಬೇಕು. ದೀಪವು ಪ್ರಕಾಶವಾಗಿದ್ದು, ಎಂಜಿನು ಚುರುಕಾಗಿ ತಿರುಗಿಯೂ ಹತ್ತಿಕೊಳ್ಳದಿದ್ದರೆ ದೋಷವು ಪೆಟ್ರೋಲಿನಲ್ಲೋ ಪ್ಲಗ್ಗಿನಲ್ಲೋ ಇರುವುದು. ಈ ಸಾಧನದಿಂದ ಪ್ರಯೋಜನವಿಲ್ಲ. ಗುಂಡಿಯೊತ್ತಿದಾಗ ಸದ್ದೇ ಇಲ್ಲದೆ ದೀಪ ಮಾತ್ರ ಚೆನ್ನಾಗಿದ್ದರೆ ಎಂಜಿನನ್ನು ನಿಲ್ಲಿಸುವ ಕೆಂಪು ಸ್ವಿಚ್ಚನ್ನೂ ಪಕ್ಕದ ಸ್ಟ್ಯಾಂಡನ್ನೂ ನೋಡಬೇಕು. ಟಿಕ್ ಟಿಕ್ ಎಂಬ ಸದ್ದು, ಮಂಕು ದೀಪ, ಇವು ಬ್ಯಾಟರಿಯ ಲಕ್ಷಣಗಳು. ಆಗಲೂ ಬ್ಯಾಟರಿಯ ತಿರುಪುಗಳು ಸಡಿಲವಾಗಿವೆಯೇ, ಕಿಲುಬು ಹಿಡಿದಿದೆಯೇ ಎಂದು ಒಮ್ಮೆ ನೋಡುವುದು ಲೇಸು. ಮಲೆನಾಡಿನ ತೇವದಲ್ಲಿ ಎಷ್ಟೋ ಸಲ ಅಷ್ಟೇ ಆಗಿರುವುದು.

ಕೀಲಿಯನ್ನು ಆರಿಸಿ, ಕೆಂಪು ಕ್ಲಿಪ್ಪನ್ನು ಬ್ಯಾಟರಿಯ ಕೂಡು ಗುರುತಿಗೂ, ಕಪ್ಪನ್ನು ಕಳೆ ಗುರುತಿಗೆ ಅಥವಾ ಎಂಜಿನಿನ ಬಣ್ಣವಿಲ್ಲದ ಲೋಹಕ್ಕೂ ಕಚ್ಚಿಸಬೇಕು. ಹಸುರು ದೀಪ ಕಂಡ ಬಳಿಕ ಕೀಲಿ ತಿರುಗಿಸಿ, ಪಂಪಿನ ಗುಂಯ್ ಎಂಬ ಸದ್ದು ನಿಂತ ಮೇಲೆ ಗುಂಡಿಯನ್ನೊತ್ತಬೇಕು. ಒಂದು ಸಲಕ್ಕೆ ಮೂರು ನಾಲ್ಕು ಸೆಕೆಂಡಿಗಿಂತ ಹೆಚ್ಚು ಕೂಡದು. ಏಳದಿದ್ದರೆ ಅರ್ಧ ನಿಮಿಷವಾದರೂ ತಡೆದು ಮತ್ತೊಮ್ಮೆ. ಮೂರು ನಾಲ್ಕು ಬಾರಿಗೆ ಏಳದಿದ್ದರೆ ಹಟ ಸಲ್ಲದು; ಸಾಧನವೂ ಸ್ಟಾರ್ಟರ್ ಮೋಟಾರೂ ಕಾದು ಕೆಡುವುವು. ಎದ್ದೊಡನೆ ಕಪ್ಪನ್ನು ಮೊದಲು, ಕೆಂಪನ್ನು ಅನಂತರ ಬಿಡಿಸತಕ್ಕದ್ದು. ಬ್ಯಾಟರಿಯು ತೀರ ಬತ್ತಿದ್ದರೆ ಸಾಧನವು ಅದನ್ನು ಗುರುತಿಸುವುದೇ ಇಲ್ಲ. ಅಂಥ ಸಂದರ್ಭಕ್ಕೆಂದು ಕೆಲವಕ್ಕೆ 'ಬೂಸ್ಟ್' ಎಂಬ ಗುಂಡಿಯನ್ನಿಟ್ಟಿರುತ್ತಾರೆ. ಅದನ್ನೊತ್ತಿದಾಗ ಮೇಲೆ ಹೇಳಿದ ಕಾವಲುಗಳೆಲ್ಲ ಮಲಗುವುವೆಂಬುದನ್ನು ಮರೆಯದೆ, ಕೆಂಪು ಕಪ್ಪುಗಳನ್ನು ಎರಡು ಬಾರಿ ನೋಡಿಯೇ ಒತ್ತಬೇಕು. ಮುಚ್ಚಳ ತೆಗೆಯುವ ಸ್ಕ್ರೂಡ್ರೈವರನ್ನು ಸಾಧನದ ಚೀಲದಲ್ಲೇ ಇಟ್ಟು, ಒಂದು ದಿನ ಹಗಲಿನಲ್ಲಿ ಇದೆಲ್ಲವನ್ನೂ ಅಭ್ಯಾಸ ಮಾಡಿಕೊಳ್ಳುವುದು ಒಳ್ಳೆಯದು. ನಮ್ಮ ತಾಯಿಯವರೇ ಎರಡನೆಯ ಸಲಕ್ಕೆ ತಪ್ಪಿಲ್ಲದೆ ಮಾಡಿದರು.

ಎಂಜಿನು ಎದ್ದಿತೆಂದರೆ ಬ್ಯಾಟರಿಯು ವಾಸಿಯಾಯಿತೆಂದಲ್ಲ. ಊರಿನೊಳಗೆ ಹತ್ತು ನಿಮಿಷ ಓಡಿಸಿ ನಿಲ್ಲಿಸಿದರೆ ಮತ್ತೆ ಅದೇ ಕಥೆ. ಮನೆಗೆ ಬಂದು ಚಾರ್ಜರಿಗೆ ಹಾಕಬೇಕು. ಮಾರನೆಯ ದಿನ ಮೀಟರಿನಲ್ಲಿ 12.6 ವೋಲ್ಟಿನ ಸಮೀಪ ನಿಂತರೆ ಸೀಸದ ಬ್ಯಾಟರಿಗೆ ಇನ್ನೂ ಆಯುಸ್ಸುಂಟು. 12ಕ್ಕೆ ಇಳಿದಿದ್ದರೆ ಅದರ ಮೇಲೆ ಭರವಸೆ ಬೇಡ.

ಜೋಪಾನದ ಮಾತು ಗೃಹಿಣಿಯರಿಗೆ ಸಂಬಂಧಿಸಿದ್ದು. ಇದನ್ನು ಹಾಸಿಗೆಯ ಮೇಲೆ, ರಾತ್ರಿಯೆಲ್ಲ, ನೋಡುವವರಿಲ್ಲದೆ ಚಾರ್ಜಿಗೆ ಹಾಕಕೂಡದು. ಗಾಡಿಯನ್ನು ಎಬ್ಬಿಸಿದೊಡನೆ ಬಿಸಿಯಲ್ಲೇ ಹಾಕುವುದೂ ಸಲ್ಲದು. ಕಲಬುರಗಿ ರಾಯಚೂರುಗಳ ಬೇಸಗೆಯಲ್ಲಿ ಬಿಸಿಲಿಗೆ ನಿಂತ ಗಾಡಿಯ ಪೆಟ್ಟಿಗೆಯಲ್ಲಿ ಬಿಟ್ಟರೆ ಕೋಶಗಳ ಆಯುಸ್ಸು ಕುಂದುವುದಲ್ಲದೆ ಅಪಾಯವೂ ಉಂಟು. ಮೂರು ತಿಂಗಳಿಗೊಮ್ಮೆ ತುಂಬಿಸಬೇಕು. ನಮ್ಮ ಮನೆಯಲ್ಲಿ ಅದು ಪಡಸಾಲೆಯ ಗೂಟದಲ್ಲಿ, ಟಾರ್ಚಿನ ಪಕ್ಕದಲ್ಲಿ ತೂಗುತ್ತಿರುವುದು. ತಾಯಿಯವರು ಯುಗಾದಿಯಿಂದ ಎಣಿಸಿ ತಿಂಗಳುಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿದ್ದಾರೆ. ಹೊಟ್ಟೆ ಉಬ್ಬಿದ ಸಾಧನವನ್ನು ಇನ್ನು ಮುಟ್ಟಿ ಬಳಸಬಾರದು, ಚುಚ್ಚಲೂಬಾರದು, ಕಸದ ಬುಟ್ಟಿಗೆ ಎಸೆಯಲೂಬಾರದು. 2022ನೆಯ ಆಗಸ್ಟಿನಲ್ಲಿ ಭಾರತ ಸರ್ಕಾರವು ಹೊರಡಿಸಿದ ಬ್ಯಾಟರಿ ತ್ಯಾಜ್ಯ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿಗಳನ್ನು ಹಿಂದಕ್ಕೆ ಪಡೆಯುವ ಹೊಣೆಯು ತಯಾರಕರದು. ಕೊಂಡ ಅಂಗಡಿಯಲ್ಲಿ ಕೇಳಬಹುದು.

ನೆರೆಹೊರೆಯವರು ಎರವಲು ಕೇಳುವುದುಂಟು, ಕೊಡುತ್ತೇವೆ. ತುಂಬಿಸಿ, ಸಂಜೆಯೊಳಗೆ ತಂದು ಅದೇ ಗೂಟಕ್ಕೆ ತಗುಲಿಸಬೇಕೆಂಬುದೊಂದೇ ತಮ್ಮನ ಕರಾರು.