ಕನಕವತಿಯ ಪ್ರೀತಿ

ಬೈಂದೂರಿನಿಂದ ಬ್ರಹ್ಮಾವರದವರೆಗಿನ ನಮ್ಮ ಜನಕ್ಕೆ ದೈವದ ಭಯವನ್ನು ಯಾರೂ ಹೊಸದಾಗಿ ಕಲಿಸಬೇಕಿಲ್ಲ. ಹೈಗುಳಿ, ಬೊಬ್ಬರ್ಯ, ಪಂಜುರ್ಲಿಗಳ ನೆರೆಯಲ್ಲೇ ನಮ್ಮ ಬದುಕು. ಪಾತ್ರಿಗೆ ದರ್ಶನ ಬಂದಾಗ ಸಣ್ಣ ಮಕ್ಕಳೂ ಅಬ್ಬಿಯ ಸೊಂಟ ಹಿಡಿದು ಕಣ್ಣರಳಿಸಿ ನೋಡುತ್ತವೆ. ನಾವು ನಡುಗುವುದು ಹರಕೆ ತಪ್ಪಿದಾಗ, ಕಟ್ಟಳೆ ಮೀರಿದಾಗ, ಯಾರನ್ನು ಮುಟ್ಟಬಾರದೋ ಅವರನ್ನು ಮನಸ್ಸು ಬಯಸಿದಾಗ.

ಅದಕ್ಕೇ 2025ರ ಅಕ್ಟೋಬರ್ 2ರಂದು 'ಕಾಂತಾರ: ಅಧ್ಯಾಯ 1' ತೆರೆಗೆ ಬಂದಾಗ ನನಗೆ ಆಸೆ ಬಹಳ ಇತ್ತು. ಅದರ ನಿರ್ದೇಶಕ ರಿಷಬ್ ಶೆಟ್ಟಿ ನಮ್ಮ ಕೆರಾಡಿಯವರು. 2022ರ ಮೊದಲ 'ಕಾಂತಾರ' ಈ ಮಣ್ಣಿನ ಕಥೆಯನ್ನು ದೇಶಕ್ಕೆಲ್ಲ ಹೇಳಿತ್ತು. ಹೊಸದು ಕದಂಬರ ಕಾಲಕ್ಕೆ ಹೋಯಿತು. ಕಾಡಿನ ಬೆರ್ಮೆ, ಅರಮನೆಯ ಕನಕವತಿ, ಕಾಡಿನವರ ದೈವವನ್ನೇ ವಶಮಾಡಿಕೊಳ್ಳಹೊರಟ ಅರಸೊತ್ತಿಗೆ. ಭಯಕ್ಕೂ ಪ್ರೀತಿಗೂ ಇದಕ್ಕಿಂತ ಒಳ್ಳೆಯ ಹೂರಣ ಬೇಕೆ?

ಕಾಡು, ಮಳೆ, ಗುಳಿಗನ ಆವೇಶ ಎಲ್ಲವೂ ಕಣ್ತುಂಬಿದವು. ಕನಕವತಿಯಾಗಿ ರುಕ್ಮಿಣಿ ವಸಂತ್ ಘನತೆಯಿಂದ ನಟಿಸಿದ್ದಾರೆ. ಆದರೆ ಬೆರ್ಮೆ ಮತ್ತು ಕನಕವತಿಯ ಪ್ರೀತಿಗೆ ಉಸಿರಾಡಲು ಹೊತ್ತೇ ಸಿಗಲಿಲ್ಲ. ಮಂದಾರ್ತಿ, ಮಾರಣಕಟ್ಟೆ ಮೇಳಗಳ ಯಕ್ಷಗಾನದ ಆಟ ನೋಡಿ ಬೆಳೆದವರಿಗೆ ಇದು ತಟ್ಟನೆ ಗೊತ್ತಾಗುತ್ತದೆ. ಬಡಗುತಿಟ್ಟಿನ ಭಾಗವತರು ಶೃಂಗಾರದ ಪದ್ಯವನ್ನು ಅವಸರವಿಲ್ಲದೆ ಎತ್ತಿ ಆಡಿಸುತ್ತಾರೆ. ಬೆಳಗಿನ ಜಾವದ ಯುದ್ಧಕ್ಕೆ ಬೆಲೆ ಬರುವುದು ಆ ಪದ್ಯದಿಂದ. ಇಲ್ಲಿ ಕಾಳಗದ ಮೇಲೆ ಕಾಳಗ. ಕೊನೆಗೆ ಕನಕವತಿಯ ಒಲವೇ ಹೂಟವೆಂದು ತಿಳಿದಾಗ ನನ್ನ ಮನಸ್ಸು ಕುಸಿಯಿತು. ಒಲವು ಸುಳ್ಳಾದ ಮೇಲೆ ಕಾಡಿಗೂ ಅರಮನೆಗೂ ನಡುವಿನ ಗೋಡೆಯನ್ನು ಪರೀಕ್ಷೆಗೊಡ್ಡುವವರು ಯಾರು? ತಪ್ಪೆಲ್ಲ ಕೆಲವು ಕೆಟ್ಟವರದಾಯಿತು. ಅವರು ಸತ್ತರು, ಕಥೆ ಮುಗಿಯಿತು.

ಕೆಟ್ಟವರಿಲ್ಲದೆಯೂ ನಡುಗಿಸುವ ಕಥೆಗಳು ನಮ್ಮ ಪಕ್ಕದಲ್ಲೇ ಇವೆ. ನಮ್ಮ ಘಟ್ಟ ಹತ್ತಿದರೆ ತೀರ್ಥಹಳ್ಳಿ ಸೀಮೆ. ಅನಂತಮೂರ್ತಿ, ಗಿರೀಶ ಕಾಸರವಳ್ಳಿ ಇಬ್ಬರೂ ಅಲ್ಲಿಯವರು. ಅನಂತಮೂರ್ತಿಯವರ ಕಥೆಯಿಂದ ಕಾಸರವಳ್ಳಿ ಮಾಡಿದ 1977ರ ಚಿತ್ರ 'ಘಟಶ್ರಾದ್ಧ'ದಲ್ಲಿ ದೆವ್ವವಿಲ್ಲ, ಕತ್ತಿಯೂ ಇಲ್ಲ. ವಿಧವೆ ಯಮುನಾ ಬಸುರಿಯಾಗುತ್ತಾಳೆ. ಬದುಕಿರುವ ಮಗಳಿಗೆ ಹೆತ್ತ ತಂದೆಯೇ ಶ್ರಾದ್ಧ ಮಾಡುತ್ತಾನೆ. ಅವಳನ್ನು ಅಕ್ಕನಂತೆ ಹಚ್ಚಿಕೊಂಡ ಹುಡುಗ ನಾಣಿ ಎಲ್ಲವನ್ನೂ ಕಾಣುತ್ತಾನೆ. ಕೊಂದು ಮುಗಿಸಲು ಅಲ್ಲಿ ಖಳನಿಲ್ಲ, ಶಾಸ್ತ್ರವಿದೆ, ಅದನ್ನು ನಂಬಿದ ಊರಿದೆ. ಆ ಚಿತ್ರ ನೋಡಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಸ್ವರ್ಣಕಮಲ ಪಡೆದ ಆ ಚಿತ್ರದ ಪುನರುಜ್ಜೀವಿತ ಪ್ರತಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲೂ ತೆರೆ ಕಂಡಿತು.

ಕೋಟದ ಶಿವರಾಮ ಕಾರಂತರಂತೂ 1933ರಲ್ಲೇ 'ಚೋಮನ ದುಡಿ' ಬರೆದಿದ್ದರು, ಬಿ.ವಿ. ಕಾರಂತರು 1975ರಲ್ಲಿ ಅದನ್ನು ಚಿತ್ರ ಮಾಡಿದರು. ತುಂಡು ಭೂಮಿಗಾಗಿ ಮತ ಬದಲಿಸಲು ಹೊರಟ ಚೋಮನನ್ನು ಪಂಜುರ್ಲಿಯ ಮೇಲಿನ ನಂಬಿಕೆ ಹಿಂದಕ್ಕೆ ಎಳೆಯುತ್ತದೆ. ಅವನ ಮಗ ನೀಲ ನೀರಿನಲ್ಲಿ ಮುಳುಗುವಾಗ, ಮುಟ್ಟಬಾರದೆಂಬ ಕಟ್ಟಳೆ ದಡದಲ್ಲಿದ್ದವರ ಕೈ ಕಟ್ಟುತ್ತದೆ. ನಮ್ಮ ಕರಾವಳಿಯ ಕಥೆಗಳಲ್ಲಿ ಅದಕ್ಕಿಂತ ಭೀಕರ ಗಳಿಗೆಯನ್ನು ನಾನು ಬೇರೆ ಕಂಡಿಲ್ಲ.

ಇಂಥ ಕಥೆಗಳು ಇಲ್ಲಿ ಮುಗಿದಿಲ್ಲ. ಬಾರಕೂರಿನ ಭೂತಾಳ ಪಾಂಡ್ಯನ ಐತಿಹ್ಯವೇ ಇದೆ: ಭೂತ ಕುಂಡೋದರ ಬಲಿ ಕೇಳಿದಾಗ ಅರಸನ ಹೆಂಡತಿ ತನ್ನ ಮಕ್ಕಳನ್ನು ಕೊಡಲೊಪ್ಪಲಿಲ್ಲ, ಅರಸನ ತಂಗಿ ತನ್ನ ಮಗನನ್ನು ಕೊಟ್ಟಳು, ಸೋದರಳಿಯನಿಗೆ ಹಕ್ಕು ಸಲ್ಲುವ ಅಳಿಯಸಂತಾನ ಅಲ್ಲಿಂದ ಬಂತೆನ್ನುತ್ತಾರೆ. ಆ ಇಬ್ಬರು ತಾಯಂದಿರ ರಾತ್ರಿಯನ್ನು ಯಾರಾದರೂ ಚಿತ್ರ ಮಾಡಲಿ. ಕೆರಾಡಿಯ ಕಾಡಿನಲ್ಲಿ ಅಷ್ಟು ದೊಡ್ಡ ಲೋಕ ಕಟ್ಟಿದವರಿಗೆ ಅದು ಅಸಾಧ್ಯವಲ್ಲ. ಕೈಮುಗಿದು ಕೇಳುವುದಿಷ್ಟೆ: ಮುಂದಿನ ಸಲ ಯುದ್ಧ ಒಂದು ಕಡಿಮೆಯಾದರೂ ಸರಿ, ಪ್ರೀತಿಸಿದ ಹೆಣ್ಣನ್ನು ನಿಜವಾಗಿ ಪ್ರೀತಿಸಲು ಬಿಡಿ.